ಅಪ್‌ಡೇಟ್: ಹಳೇ ವಿಂಡೋಸ್ 7ಕ್ಕೆ ಎಸ್‌ಕ್ಯೂಎಲ್ ಸರ್ವರ್ ಹಿಡಿಸಿತು

ಮೂಡಿಗೆರೆಯ ನಮ್ಮ ತೋಟದ ಆಫೀಸಿನ ವಿಂಡೋಸ್ 7 ಕಂಪ್ಯೂಟರಿಗೆ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್‌ನ (ಲೆಕ್ಕದ ಮಾಹಿತಿ ಇಡುವ ಮೈಕ್ರೋಸಾಫ್ಟಿನ ಉಚಿತ ಡೇಟಾಬೇಸ್ ಸಾಫ್ಟ್‌ವೇರ್) ಯಾವ ಆವೃತ್ತಿ ಆಗುತ್ತದೆ ಅಂತ ಕೇಳಿದ್ದೆ ಅಲ್ವಾ, ಉತ್ತರ ಸಿಕ್ಕಿತು. 2019 ಹಾಕಲು ಹೋಗಿ ಸುಮ್ನೆ ಎರಡು ದಿನ ಹಾಳು ಮಾಡಿಕೊಂಡೆ. ಆಮೇಲೆ ಕಂಪ್ಯೂಟರಿನ ಪ್ರಾಪರ್ಟೀಸ್ ತೆರೆದು ನೋಡಿದರೆ ನಮ್ಮ ವಿಂಡೋಸ್ ಹಳೇ 32 ಬಿಟ್‌ನದ್ದು! 2016ರಿಂದ ಈಚಿನವು 64 ಬಿಟ್‌ಗೆ ಮಾತ್ರ, ವಿಂಡೋಸ್ 7ರಲ್ಲಂತೂ ನಡೆಯುವುದೇ ಇಲ್ಲ. ಕೊನೆಗೆ ವಿಂಡೋಸ್ 7ರ ಸರ್ವಿಸ್ ಪ್ಯಾಕ್ 1 ಅಪ್‌ಡೇಟ್ ಹಾಕಿ, 2014 ಎಕ್ಸ್‌ಪ್ರೆಸ್‌ನ 32 ಬಿಟ್ ಫೈಲ್ ಇಳಿಸಿಕೊಂಡೆ (ಮಳೆಗೆ ಕರೆಂಟ್ ಮೂರು ಸಲ ಹೋಯಿತು, ಆ ಕಥೆ ಬೇರೆ), ಈಗ ಕಾಫಿ, ಮೆಣಸಿನ ಲೆಕ್ಕ ಆರಾಮಾಗಿ ಓಡುತ್ತಿದೆ. ಒಂದು ಡೇಟಾಬೇಸಿಗೆ 10 ಜಿಬಿ ಮಿತಿ, ನಮಗೆ ಅದೇ ಜಾಸ್ತಿ. ಆದರೆ 2014 ಆವೃತ್ತಿಗೆ ಮೈಕ್ರೋಸಾಫ್ಟಿನ ಬೆಂಬಲ (ಭದ್ರತಾ ಅಪ್‌ಡೇಟ್) 2024ರ ಜುಲೈಗೇ ಮುಗಿದಿದೆ, ಅದಕ್ಕೇ ನೆಟ್ ಕೇಬಲ್ ಕಿತ್ತಿಟ್ಟಿದ್ದೇನೆ. ಬ್ಯಾಕಪ್ ಪೆನ್‌ಡ್ರೈವಿಗೆ.