ಚಕ್ಕುಲಿ ಒತ್ತುವ ಕೈ ಮಸುಕು, ಹಿಂದಿನ ಕೊಡ ಸ್ಪಷ್ಟ: ಮ್ಯಾನುಯಲ್ ಮೋಡಿನಲ್ಲಿ ಎಲ್ಲಿ ತಪ್ಪುತ್ತಿದ್ದೇನೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ವರ್ಷಗಟ್ಟಲೆ ಮೊಬೈಲಿನಲ್ಲೇ ಚಿತ್ರ ತೆಗೆಯುತ್ತಿದ್ದವಳು ಆರು ತಿಂಗಳ ಹಿಂದೆ ಎಪಿಎಸ್-ಸಿ (ಮಧ್ಯಮ ಗಾತ್ರದ) ಸೆನ್ಸರಿನ ಒಂದು ಮಿರರ್‌ಲೆಸ್ ಕ್ಯಾಮೆರಾ ಕೊಂಡುಕೊಂಡೆ. ಜೊತೆಗೆ ಬಂದ 18-55 ಮಿ.ಮೀ. ಜೂಮ್ ಲೆನ್ಸ್ ಬಿಟ್ಟರೆ ಬೇರೆ ಲೆನ್ಸ್ ಇಲ್ಲ. ಮನೆ, ಶಾಲೆ, ತೋಟ, ವರ್ಷಕ್ಕೊಮ್ಮೆ ಹೋಗುವ ಪ್ರವಾಸ ಎಲ್ಲಕ್ಕೂ ಇದೊಂದೇ ಸಾಕಾಗಬೇಕು ಎಂಬುದು ನನ್ನ ಆಸೆ. ಪರಿಚಯದವರೊಬ್ಬರು, ಕಲಿಯುವುದಿದ್ದರೆ ಎಲ್ಲ ಅಂಕಿಗಳನ್ನೂ ನಾವೇ ಇಡುವ ಮ್ಯಾನುಯಲ್ ಮೋಡಿನಲ್ಲೇ ಕಲಿಯಬೇಕು, ಐಎಸ್‌ಒ (ಏರಿಸಿದಷ್ಟೂ ಚಿತ್ರ ಬೆಳಗುವ ಅಂಕಿ) 400 ದಾಟಿಸಬಾರದು ಎಂದು ಹೇಳಿದ್ದರು. ಅದನ್ನೇ ಆದಷ್ಟೂ ಪಾಲಿಸುತ್ತ ಬಂದಿದ್ದೇನೆ. ಆದರೆ ಮೊಬೈಲಿನಲ್ಲಿ ಸಲೀಸಾಗಿ ಬರುತ್ತಿದ್ದ ಚಿತ್ರಗಳೇ ಇದರಲ್ಲಿ ಕೆಡುತ್ತಿವೆ. ಮೂರನ್ನು ಇಲ್ಲಿ ಲಗತ್ತಿಸಿದ್ದೇನೆ.

ಮೊದಲನೆಯದರಲ್ಲಿ ನಮ್ಮ ಅತ್ತೆ ಅಡುಗೆಮನೆಯ ಕಿಟಕಿಯ ಪಕ್ಕ ಕುಳಿತು ಚಕ್ಕುಲಿ ಒತ್ತುತ್ತಿದ್ದಾರೆ. ಶಟರ್ ವೇಗ 1/15 ಸೆಕೆಂಡ್, ಅಪರ್ಚರ್ (ಲೆನ್ಸಿನ ಬೆಳಕಿನ ರಂಧ್ರ; ಎಫ್ ಅಂಕಿ ಚಿಕ್ಕದಾದಷ್ಟೂ ರಂಧ್ರ ದೊಡ್ಡದು) ಎಫ್ 5.6, ಐಎಸ್‌ಒ 400. ಹಿಂದಿರುವ ತಾಮ್ರದ ಕೊಡದ ಮೇಲೆ ಕೊರೆದಿರುವ ಹೆಸರನ್ನು ಓದಬಹುದು, ಅತ್ತೆಯ ಕೈಗಳು ಮಾತ್ರ ಮಸುಕು. ಎರಡನೆಯದು ಶಾಲಾ ವಾರ್ಷಿಕೋತ್ಸವದ್ದು. ಮಕ್ಕಳು ಕುಣಿಯುತ್ತಿದ್ದುದರಿಂದ 1/500 ಸೆಕೆಂಡ್ ಇಟ್ಟು, ಬೆಳಕು ಸಾಲದೆ ಐಎಸ್‌ಒವನ್ನು 6400ಕ್ಕೆ ಏರಿಸಲೇಬೇಕಾಯಿತು. ಚಿತ್ರದ ಉದ್ದಕ್ಕೂ ಕಪ್ಪು ಪಟ್ಟೆಗಳು ಬಂದಿವೆ. ಮೂರನೆಯದರಲ್ಲಿ ಮಗಳು ಜಗುಲಿಯ ಮೇಲೆ ಕುಳಿತಿದ್ದಾಳೆ, ಹಿಂದೆ ಅಂಗಳದಲ್ಲಿ ಅಡಿಕೆ ಒಣಗಲು ಹಾಕಿದೆ. ಬೆಳಕು ಅಳೆಯುವ ಮೀಟರ್ ಸೊನ್ನೆಯಲ್ಲೇ ಇದ್ದರೂ ಅವಳ ಮುಖ ಕಪ್ಪಾಗಿದೆ. ದೋಷ ಕ್ಯಾಮೆರಾದ್ದೋ, ಲೆನ್ಸಿನದೋ, ನನ್ನದೋ ದಯವಿಟ್ಟು ತಿಳಿಸಿ.

ಉತ್ತರ

ಮೇಡಂ, ಚಿತ್ರಗಳ ಜೊತೆಗೆ ಅಂಕಿಗಳನ್ನೂ ಕೊಟ್ಟಿದ್ದರಿಂದ ತುಂಬ ಅನುಕೂಲವಾಯಿತು. ಕ್ಯಾಮೆರಾ ಮತ್ತು ಲೆನ್ಸ್ ಎರಡೂ ಸರಿಯಾಗಿವೆ. ಮೂರು ಚಿತ್ರಗಳಲ್ಲಿರುವುದು ಒಂದಕ್ಕೊಂದು ಸಂಬಂಧವಿಲ್ಲದ ಮೂರು ತೊಂದರೆಗಳು. ಮೂರಕ್ಕೂ ಒಂದೇ ಸರಿಯಾದ ಸೆಟ್ಟಿಂಗ್ ಇದ್ದೀತು ಎಂದು ಹುಡುಕಿದರೆ ಸಿಗುವುದಿಲ್ಲ. ಕೆಟ್ಟ ಚಿತ್ರವನ್ನು ಅಳಿಸುವ ಮುನ್ನ ಅದು ಹೇಗೆ ಕೆಟ್ಟಿದೆ ಎಂದು ನೋಡಿದರೆ ಕಾರಣ ಅಲ್ಲೇ ಕಾಣುತ್ತದೆ.

ಅತ್ತೆಯವರ ಚಿತ್ರವನ್ನೇ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿ. ಅವರ ಹಸಿರು ಬಳೆಗಳು ಬಳೆಗಳಾಗಿ ಉಳಿಯದೆ, ಒರಳಿನ ಹಿಡಿಕೆ ತಿರುಗಿದ ದಿಕ್ಕಿನಲ್ಲಿ ಹಸಿರು ಗೆರೆಗಳಾಗಿ ಎಳೆದುಕೊಂಡಿವೆ. ಆದರೆ ಕೈಯಷ್ಟೇ ದೂರದಲ್ಲಿರುವ ಅವರ ಹೆಗಲ ಮೇಲಿನ ಸೆರಗಿನ ಅಂಚಿನ ನೇಯ್ಗೆ ಸ್ಪಷ್ಟವಾಗಿದೆ. ಫೋಕಸ್ ತಪ್ಪಿದ್ದರೆ ಸೆರಗೂ ಮಸುಕಾಗಬೇಕಿತ್ತು. ನಿಮ್ಮ ಕೈ ಅಲುಗಿದ್ದರೆ ಕೊಡದ ಮೇಲಿನ ಅಕ್ಷರಗಳೂ ಸೇರಿ ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತೆ ಕಾಣಬೇಕಿತ್ತು. ಎರಡೂ ಆಗಿಲ್ಲ. ಹಾಗಾಗಿ ಅಲುಗಿದ್ದು ಅವರ ಕೈ ಮಾತ್ರ, ಅದಕ್ಕೆ 1/15 ಸೆಕೆಂಡ್ ಬಹಳ ನಿಧಾನವಾಯಿತು. ಲೆನ್ಸಿನಲ್ಲಿ ಸ್ಟೆಬಿಲೈಸೇಶನ್ ಇದೆಯಲ್ಲ ಎಂದು ನೀವು ಕೇಳಬಹುದು. ಅದು ತಡೆಯುವುದು ಕ್ಯಾಮೆರಾ ಹಿಡಿದವರ ಕೈನಡುಕವನ್ನು, ಎದುರಿಗಿರುವವರ ಚಲನೆಯನ್ನಲ್ಲ. ಕೊಡ ಸ್ಪಷ್ಟವಾಗಿ ಬಂದದ್ದೇ ಅದು ತನ್ನ ಕೆಲಸ ಮಾಡಿದೆ ಎಂಬುದಕ್ಕೆ ಸಾಕ್ಷಿ.

ಕುಳಿತು ಕೆಲಸ ಮಾಡುವವರಿಗೆ ಕನಿಷ್ಠ 1/125, ಓಡಾಡುವ ಮಕ್ಕಳಿಗೆ 1/250, ಕುಣಿತಕ್ಕೆ 1/500 ಎಂದು ನಾನು ಲೆಕ್ಕ ಇಟ್ಟುಕೊಂಡಿದ್ದೇನೆ. 1/15ರಿಂದ 1/30, 1/60, 1/125 ಎಂದು ಮೂರು ಮೆಟ್ಟಿಲು ಏರಿದರೆ ಬೆಳಕು ಮೂರು ಬಾರಿ ಅರ್ಧಕ್ಕರ್ಧ ಇಳಿಯುತ್ತದೆ. ಆ ಲೆನ್ಸಿನಲ್ಲಿ ಜೂಮ್ ಮಾಡಿದಾಗ ಅಪರ್ಚರ್ ಎಫ್ 5.6ಕ್ಕಿಂತ ಹಿಗ್ಗುವುದಿಲ್ಲ, ಆದ್ದರಿಂದ ಐಎಸ್‌ಒವನ್ನೇ 400ರಿಂದ 800, 1600, 3200 ಎಂದು ಮೂರು ಮೆಟ್ಟಿಲು ಏರಿಸಬೇಕು. ಐಎಸ್‌ಒ 400 ದಾಟಬಾರದೆಂಬುದು ಫಿಲ್ಮ್ ಕಾಲದ ಎಚ್ಚರಿಕೆ. ಇಂದಿನ ಎಪಿಎಸ್-ಸಿ ಸೆನ್ಸರುಗಳಲ್ಲಿ 3200ರ ಚಿತ್ರವನ್ನು ಮನೆಯ ಗೋಡೆಗೆ ತೂಗುಹಾಕುವ ಅಳತೆಗೆ ಧಾರಾಳವಾಗಿ ಮುದ್ರಿಸಬಹುದು. ಚಿತ್ರದಲ್ಲಿ ಸ್ವಲ್ಪ ಕಾಳು ಕಾಣಿಸಿದರೆ ಆಮೇಲೆ ತಗ್ಗಿಸಬಹುದು, ಎಳೆದುಕೊಂಡ ಬಳೆಯನ್ನು ಮತ್ತೆ ದುಂಡಗೆ ಮಾಡುವ ದಾರಿಯಿಲ್ಲ.

ಎರಡನೆಯ ಚಿತ್ರದ ಪಟ್ಟೆಗಳು ಬಂದಿರುವುದು ದೀಪಗಳಿಂದ. ನಮ್ಮ ದೇಶದಲ್ಲಿ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳಲ್ಲಿ ಹರಿಯುತ್ತದೆ. ಅದರಿಂದ ಉರಿಯುವ ಹಲವು ಟ್ಯೂಬ್‌ಲೈಟ್, ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಬಾರಿ ಮಂಕಾಗಿ ಮತ್ತೆ ಬೆಳಗುತ್ತವೆ, ಅದು ಕಣ್ಣಿಗೆ ತಿಳಿಯುವುದಿಲ್ಲ. ನೀವು ಸೈಲೆಂಟ್ ಶಟರ್ ಬಳಸಿದ್ದಿರಿ ಎಂದು ನನ್ನ ಊಹೆ. ಆ ಶಟರಿನಲ್ಲಿ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಕ್ಷಣಕ್ಕೆ ಗ್ರಹಿಸದೆ ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದೆ. ಹಾಗೆ ಓದಿ ಮುಗಿಸಲು 1/25 ಸೆಕೆಂಡ್ ಬೇಕೆಂದಿಟ್ಟುಕೊಂಡರೆ, ಅಷ್ಟರಲ್ಲಿ ದೀಪ ನಾಲ್ಕು ಬಾರಿ ಮಂಕಾಗಿರುತ್ತದೆ, ಚಿತ್ರದಲ್ಲಿ ನಾಲ್ಕು ಕಪ್ಪು ಪಟ್ಟೆಗಳು ಮೂಡುತ್ತವೆ. ಇಂಥ ದೀಪಗಳ ಕೆಳಗೆ ಮೆಕ್ಯಾನಿಕಲ್ ಶಟರನ್ನೇ ಬಳಸಿ. ಭಾಷಣ, ಬಹುಮಾನ ವಿತರಣೆಗಳಿಗೆ 1/100 ಅಥವಾ 1/50 ಇಟ್ಟರೆ ದೀಪದ ಪೂರ್ತಿ ಸುತ್ತು ಪ್ರತಿ ಸಾಲಿಗೂ ಸಿಗುವುದರಿಂದ ಪಟ್ಟೆ ಬರುವುದಿಲ್ಲ. ಕುಣಿತಕ್ಕೆ ಅಷ್ಟು ವೇಗ ಸಾಲದು. ಆಗ ಮೆನುವಿನಲ್ಲಿ ಆಂಟಿ-ಫ್ಲಿಕರ್ ಅಥವಾ ಫ್ಲಿಕರ್ ರಿಡಕ್ಷನ್ ಎಂಬ ಸೌಲಭ್ಯ ಇದ್ದರೆ ಅದನ್ನು ಚಾಲೂ ಮಾಡಿ. ದೀಪ ಚೆನ್ನಾಗಿ ಬೆಳಗುವ ಗಳಿಗೆಯನ್ನು ಹಿಡಿದು ಕ್ಯಾಮೆರಾ ಶಟರ್ ಬಿಡುತ್ತದೆ.

ಮೂರನೆಯದು ಮೀಟರಿನ ಸ್ವಭಾವಕ್ಕೆ ಸಂಬಂಧಿಸಿದ್ದು. ತನ್ನ ಎದುರಿಗಿರುವುದು ಬಿಳಿಯೋ ಕಪ್ಪೋ ಎಂಬುದು ಮೀಟರಿಗೆ ತಿಳಿಯದು. ಎಲ್ಲವನ್ನೂ ನಡುವಿನ ಬೂದುಬಣ್ಣಕ್ಕೆ ತರುವುದು ಅದರ ಕ್ರಮ. ಸುಣ್ಣ ಬಳಿದ ಗೋಡೆಯಿಂದ ಚೌಕಟ್ಟು ತುಂಬಿದರೆ ಗೋಡೆ ಬೂದಾಗುತ್ತದೆ, ಎಮ್ಮೆಯಿಂದ ತುಂಬಿದರೆ ಎಮ್ಮೆಯೂ ಬೂದಾಗುತ್ತದೆ. ನಿಮ್ಮ ಚಿತ್ರದ ಮುಕ್ಕಾಲು ಭಾಗ ಬಿಸಿಲು ಬಿದ್ದ ಅಂಗಳವೇ ಆಗಿರುವುದರಿಂದ ಅದನ್ನು ತಗ್ಗಿಸುವ ಅಂಕಿಗಳಿಗೇ ಮೀಟರ್ ಸೊನ್ನೆ ತೋರಿಸಿದೆ, ಅದರ ಜೊತೆಗೆ ಮಗುವಿನ ಮುಖವೂ ತಗ್ಗಿದೆ. ಮ್ಯಾನುಯಲ್ ಮೋಡಿನಲ್ಲಿ ಮೀಟರ್ +1 ಅಥವಾ +1.3 ತೋರುವಂತೆ ಇಟ್ಟರೆ, ಮುಂದೆ ಹೇಳುವ ಮೋಡಿನಲ್ಲಾದರೆ ಎಕ್ಸ್‌ಪೋಶರ್ ಕಾಂಪನ್ಸೇಶನನ್ನು (ಮೀಟರಿನ ಲೆಕ್ಕಕ್ಕಿಂತ ಚಿತ್ರವನ್ನು ಬೆಳಗಿಸುವ ಇಲ್ಲವೇ ತಗ್ಗಿಸುವ ಸೌಲಭ್ಯ) ಅಷ್ಟಕ್ಕೇ ಇಟ್ಟರೆ ಸರಿಹೋಗುತ್ತದೆ. ಇಲ್ಲವೇ ಅಂಗಳದ ಬೆಳಕು ಪಕ್ಕದಿಂದ ಬರುವಂತೆ ಮಗುವನ್ನು ತುಸು ತಿರುಗಿ ಕೂರಿಸಿ. ಯಾವ ಗುಂಡಿಯನ್ನೂ ಮುಟ್ಟದೆ ಚಿತ್ರ ಸುಧಾರಿಸುತ್ತದೆ. ನನಗೆ ಈ ಎರಡನೆಯ ದಾರಿಯೇ ಹೆಚ್ಚು ಇಷ್ಟ.

ಇನ್ನು ಮೋಡಿನ ವಿಚಾರ. ದಿನನಿತ್ಯದ ಚಿತ್ರಗಳಿಗೆ ಮ್ಯಾನುಯಲ್ ಮೋಡ್ ಬೇಕಿಲ್ಲ, ಅದರಲ್ಲೇ ಕಲಿಯಬೇಕೆಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅಪರ್ಚರ್ ಪ್ರಯಾರಿಟಿಗೆ ಬನ್ನಿ; ಅದರಲ್ಲಿ ಅಪರ್ಚರನ್ನು ನೀವು ಆರಿಸಿದರೆ ಶಟರ್ ವೇಗವನ್ನು ಕ್ಯಾಮೆರಾ ಆರಿಸುತ್ತದೆ. ನಿಕಾನ್, ಸೋನಿಗಳ ಡಯಲಿನಲ್ಲಿ ಅದು ಎ ಎಂದೂ ಕ್ಯಾನನ್‌ನಲ್ಲಿ ಎವಿ ಎಂದೂ ಇರುತ್ತದೆ. ಫ್ಯೂಜಿಫಿಲ್ಮ್‌ನ ಹಲವು ಮಾದರಿಗಳಲ್ಲಿ ಶಟರ್ ಡಯಲನ್ನು ಎಗೆ ತಿರುಗಿಸಿ ಅಪರ್ಚರನ್ನು ನೀವು ಆರಿಸಿಕೊಂಡರೆ ಅದೇ ಆಯಿತು. ಆಟೋ ಐಎಸ್‌ಒ ಚಾಲೂ ಮಾಡಿ, ಗರಿಷ್ಠ 6400, ಕನಿಷ್ಠ ಶಟರ್ ವೇಗ 1/125 ಎಂದು ಕಟ್ಟು ಹಾಕಿ. ಒಳಗೆ ಅಪರ್ಚರನ್ನು ಹಿಗ್ಗುವಷ್ಟು ಹಿಗ್ಗಿಸಿ, ಹೊರಗೆ ಎಫ್ 8 ಇಡಿ. ಎಫ್ 16 ದಾಟಿಸಬೇಡಿ; ಕಿರಿದಾದ ರಂಧ್ರದಲ್ಲಿ ಬೆಳಕು ಬಾಗಿ ಹರಡುವುದರಿಂದ ಇಡೀ ಚಿತ್ರವೇ ಮೆದುವಾಗುತ್ತದೆ. ಒಂದು ವಾರ ಹೀಗೆ ತೆಗೆದು ಮತ್ತೆ ಬರೆಯಿರಿ.

ಪ್ರಶ್ನೆ ಕೇಳಿದವರಿಂದ

ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬ ಧನ್ಯವಾದಗಳು. ಸೈಲೆಂಟ್ ಶಟರಿನ ಬಗ್ಗೆ ನೀವು ಊಹಿಸಿದ್ದು ನಿಜ. ಅತಿಥಿಗಳ ಭಾಷಣಕ್ಕೆ ತೊಂದರೆಯಾಗಬಾರದೆಂದು ಹಾಕಿದ್ದನ್ನು ಕುಣಿತದ ಹೊತ್ತಿಗೆ ತೆಗೆಯಲು ಮರೆತಿದ್ದೆ. ನೀವು ಹೇಳಿದಂತೆ ಅಡುಗೆಮನೆಯಲ್ಲಿ ಮತ್ತೆ ತೆಗೆದೆ. ಈ ಬಾರಿ ಅತ್ತೆಯ ಬಳೆಗಳನ್ನು ಎಣಿಸಬಹುದು, ಎಣ್ಣೆಗೆ ಬಿಡುವ ಮುನ್ನ ಚಕ್ಕುಲಿಯ ಮುಳ್ಳುಗಳೂ ಎದ್ದು ಕಾಣುತ್ತಿವೆ.

ಎರಡು ಹೊಸ ತೊಂದರೆಗಳಿವೆ. ಒಂದು, ಜಗುಲಿಯಲ್ಲಿ ಮಗಳ ಚಿತ್ರ ಚೆನ್ನಾಗಿ ಬಂತು, ಆದರೆ ಮರುದಿನ ತೋಟದಲ್ಲಿ ತೆಗೆದ ಅಷ್ಟೂ ಚಿತ್ರಗಳಲ್ಲಿ ಆಕಾಶ ಪೂರ್ತಿ ಬೆಳ್ಳಗಾಗಿ, ಅಡಿಕೆ ಹಿಂಗಾರದ ಎಳೆಗಳೆಲ್ಲ ಬೆಳಕಿನಲ್ಲಿ ಕರಗಿಹೋಗಿವೆ. ಎರಡು, ಸಂಜೆ ದೇವರ ಮುಂದೆ ಕೈಮುಗಿದು ನಿಂತ ಮಗಳನ್ನು ತೆಗೆದರೆ ಅವಳ ಮುಂದಿದ್ದ ಹಿತ್ತಾಳೆ ದೀಪ ಮಾತ್ರ ಸ್ಪಷ್ಟವಾಗಿ ಬಂದು, ಅವಳು ಮಸುಕಾಗಿದ್ದಾಳೆ. ಇದು ಫೋಕಸಿನ ತಪ್ಪು ಎಂದು ನಿಮ್ಮ ವಿವರಣೆಯಿಂದ ನಾನೇ ಗುರುತಿಸಿದೆ, ಆದರೆ ತಪ್ಪಿಸುವುದು ಹೇಗೆ?

ಉತ್ತರ ಕೊಟ್ಟವರಿಂದ

ನೀವೇ ಗುರುತಿಸಿದ್ದು ನನಗೆ ಬಹಳ ಸಂತೋಷ ತಂದಿತು, ಮೇಡಂ. ಫೋಕಸ್ ಮಾಡುವ ಜಾಗವನ್ನು ಪೂರ್ತಿಯಾಗಿ ಕ್ಯಾಮೆರಾಕ್ಕೆ ಬಿಟ್ಟರೆ ಅದು ಸಾಮಾನ್ಯವಾಗಿ ಹತ್ತಿರ ಇರುವ, ಗೆರೆ ಗಟ್ಟಿಯಾಗಿ ಕಾಣುವ ವಸ್ತುವನ್ನೇ ಹಿಡಿಯುತ್ತದೆ. ಮೆನುವಿನಲ್ಲಿ ಮುಖ ಮತ್ತು ಕಣ್ಣು ಪತ್ತೆ ಮಾಡುವ ಸೌಲಭ್ಯವನ್ನು ಚಾಲೂ ಮಾಡಿ. ಮಗು ತಲೆ ಬಗ್ಗಿಸಿ ಕಣ್ಣು ಮುಚ್ಚಿದಾಗ ಅದಕ್ಕೂ ಸಿಗದೆ ಹೋಗಬಹುದು. ಆಗ ಸಿಂಗಲ್ ಪಾಯಿಂಟ್ ಆರಿಸಿ, ಆ ಚಿಕ್ಕ ಚೌಕವನ್ನು ಮುಖದ ಮೇಲೆ ತಂದು ತೆಗೆಯಿರಿ. ಓಡುವ ಮಕ್ಕಳಿಗೆ ಫೋಕಸ್ ಬಿಡದೆ ಹಿಂಬಾಲಿಸುವ ಎಎಫ್-ಸಿ, ಕ್ಯಾನನ್ ಆದರೆ ಸರ್ವೋ.

ಆಕಾಶ ಬೆಳ್ಳಗಾದ ಕಾರಣ ಪರದೆಯ ಮೂಲೆಯಲ್ಲೇ ಇದೆ. ಜಗುಲಿಯಲ್ಲಿ ಇಟ್ಟ +1.3 ಹಾಗೇ ಉಳಿದಿದೆ, ತೋಟದ ಎಲ್ಲ ಚಿತ್ರಗಳ ಮಾಹಿತಿಯಲ್ಲೂ ಅದೇ ಅಂಕಿಯಿದೆ. ಕ್ಯಾಮೆರಾ ಆರಿಸಿ ಮತ್ತೆ ಹಾಕಿದರೂ ಅನೇಕ ಮಾದರಿಗಳಲ್ಲಿ ಕಾಂಪನ್ಸೇಶನ್ ತಾನಾಗಿ ಸೊನ್ನೆಗೆ ಮರಳುವುದಿಲ್ಲ. ಸುಧಾರಿತ ಕ್ಯಾಮೆರಾಗಳಲ್ಲಿ ಚಿತ್ರಗಳು ಕೆಡುವುದು ಅಜ್ಞಾನಕ್ಕಿಂತ ಹೀಗೆ ನಿನ್ನೆಯ ಸೆಟ್ಟಿಂಗ್ ಇಂದಿಗೂ ಉಳಿದುಬಿಡುವುದರಿಂದಲೇ ಹೆಚ್ಚು ಎಂಬುದು ನನ್ನ ಅನುಭವ. ನಿಮ್ಮ ಸೈಲೆಂಟ್ ಶಟರಿನ ಕತೆಯೂ ಇದೇ. ಒಲೆ ಆರಿಸಿ ಅಡುಗೆಮನೆಯಿಂದ ಹೊರಬರುವ ಹಾಗೆ, ಕ್ಯಾಮೆರಾವನ್ನು ಚೀಲಕ್ಕೆ ಹಾಕುವ ಮುನ್ನ ಕಾಂಪನ್ಸೇಶನ್ ಸೊನ್ನೆ, ಶಟರ್ ಮೆಕ್ಯಾನಿಕಲ್, ಆಟೋ ಐಎಸ್‌ಒ ಚಾಲೂ ಎಂದು ನೋಡಿಬಿಡಿ. ಡಯಲಿನ ಮೇಲೆ ಸಿ1, ಸಿ2 ಅಥವಾ ಯು1, ಯು2 ಎಂದಿದ್ದರೆ ಇನ್ನೂ ಸುಲಭ: ಮನೆಯ ಒಳಗಿನ ಸೆಟ್ಟಿಂಗುಗಳನ್ನು ಒಂದರಲ್ಲಿ, ವೇದಿಕೆಯ ಸೆಟ್ಟಿಂಗುಗಳನ್ನು ಇನ್ನೊಂದರಲ್ಲಿ ಉಳಿಸಿಟ್ಟುಕೊಳ್ಳಿ.

ಸಂಜೆಯ ಬೆಳಕಿನಲ್ಲಿ ಹೆಚ್ಚು ತೆಗೆಯುವಿರಾದರೆ ಮುಂದೆಂದಾದರೂ ಎಫ್ 1.8ರ ಒಂದು ಲೆನ್ಸ್ ಕೊಳ್ಳಿ. ಎಫ್ 5.6ಕ್ಕೆ ಹೋಲಿಸಿದರೆ ಅದು ಸುಮಾರು ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಐಎಸ್‌ಒ 6400 ಬೇಕಾದ ಕಡೆ 640 ಸಾಕು. ಆದರೆ 50 ಮಿ.ಮೀ. ಲೆನ್ಸಿನಲ್ಲಿ ಎಫ್ 1.8 ಇಟ್ಟು ಎರಡು ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಸುಮಾರು ಅರ್ಧ ಗೇಣಷ್ಟೇ ಎಂಬುದು ನೆನಪಿರಲಿ. 35 ಬೇಕೋ 50 ಬೇಕೋ ಎಂಬುದನ್ನು ಯಾರನ್ನೂ ಕೇಳಬೇಕಿಲ್ಲ. ಈಗಿರುವ ಜೂಮಿನ ಬಳೆಯನ್ನು ಒಂದು ವಾರ 35ರಲ್ಲಿ, ಇನ್ನೊಂದು ವಾರ 50ರಲ್ಲಿ ನಿಲ್ಲಿಸಿ ಮನೆಯಲ್ಲೇ ತೆಗೆದು ನೋಡಿ.

ಪ್ರಶ್ನೆ ಕೇಳಿದವರಿಂದ

ಸರ್, ಎರಡೂ ವಾರ ಮುಗಿಯಿತು. 50ರಲ್ಲಿ ಮಗಳ ಮುಖ ಬಲು ಚೆನ್ನಾಗಿ ಬರುತ್ತದೆ, ಆದರೆ ಅಡುಗೆಮನೆಯಲ್ಲಿ ಅತ್ತೆ ಮತ್ತು ಅವರ ಮುಂದಿನ ಒಲೆ ಎರಡೂ ಹಿಡಿಸಬೇಕೆಂದು ಹಿಂದೆ ಸರಿದರೆ ಬೆನ್ನಿಗೆ ಗೋಡೆ ತಾಗುತ್ತದೆ. 35ರಲ್ಲಿ ಅತ್ತೆಯೂ ಒಲೆಯೂ ಸಲೀಸಾಗಿ ಹಿಡಿಸಿದವು. ಅಡಿಕೆ ಮಾರಿದ ಮೇಲೆ 35ನ್ನೇ ತರಿಸುತ್ತೇನೆ. ಸಿ1ರಲ್ಲಿ ಮನೆ, ಸಿ2ರಲ್ಲಿ ಶಾಲೆಯ ವೇದಿಕೆ ಉಳಿಸಿಟ್ಟಿದ್ದೇನೆ.