ಡ್ರೆಸ್ಡನ್‌ನಲ್ಲಿ ಮೊಸರು ಹೆಪ್ಪಾಗುತ್ತಿಲ್ಲ, ಆದರೂ ಲೋಳೆ ಲೋಳೆ. ತಪ್ಪು ಹಾಲಿನದ್ದಾ, ಹೆಪ್ಪಿನದ್ದಾ?

ಹಾಸನದ ಸೊಸೆ:

ಎಲ್ಲರಿಗೂ ನಮಸ್ಕಾರ. ನಾವು ಜರ್ಮನಿಯ ಡ್ರೆಸ್ಡನ್‌ಗೆ ಬಂದು ಐದು ತಿಂಗಳಾಯಿತು. ಚಳಿಗೆ ಹೊಂದಿಕೊಂಡೆವು, ಭಾನುವಾರ ಅಂಗಡಿ ಮುಚ್ಚುವುದಕ್ಕೂ ಹೊಂದಿಕೊಂಡೆವು. ಮೊಸರಿಗೆ ಮಾತ್ರ ಆಗುತ್ತಿಲ್ಲ. ಇಲ್ಲಿನ ಯೋಗರ್ಟ್ ಹಾಗೇ ತಿನ್ನಲು ಚೆನ್ನಾಗಿದೆ. ಅನ್ನಕ್ಕೆ ಕಲಸಿದರೆ ಸಪ್ಪೆ. ಸಾಸಿವೆ, ಇಂಗು, ಕರಿಬೇವು ಎಲ್ಲ ಹಾಕಿ ಒಗ್ಗರಣೆ ಕೊಟ್ಟರೂ ಮೊಸರನ್ನ ಅನ್ನಿಸುವುದಿಲ್ಲ.

ಊರಲ್ಲಿ ನಾನು ಮೊಸರು ಮಾಡುತ್ತಿದ್ದೆ ಅನ್ನುವುದೇ ತಪ್ಪು, ಅದು ತಾನಾಗಿ ಆಗುತ್ತಿತ್ತು. ರಾತ್ರಿ ಊಟ ಮುಗಿದ ಮೇಲೆ ಉಳಿದ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿ ತಟ್ಟೆ ಮುಚ್ಚಿದರೆ ಸಾಕು. ಬೆಳಿಗ್ಗೆ ಪಾತ್ರೆ ಓರೆ ಮಾಡಿದರೂ ಅಲುಗಾಡುತ್ತಿರಲಿಲ್ಲ. ಇಲ್ಲಿ ಮೂರು ಸಲ ಸೋತೆ.

ಮೊದಲನೇ ಸಲ ಊರಿನ ಹಾಗೇ ಅಡುಗೆ ಕಟ್ಟೆಯ ಮೇಲೆ ಇಟ್ಟೆ. ಬೆಳಿಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇತ್ತು. ಎರಡನೇ ಸಲ ರೂಮ್ ಹೀಟರ್ ಮೇಲೆ ಟವೆಲ್ ಸುತ್ತಿ ಇಟ್ಟೆ. ಮೇಲೆ ನೀರು, ಕೆಳಗೆ ಅರೆಬರೆ ಹೆಪ್ಪು. ಮೂರನೇ ಸಲ ಯಾವುದೋ ವೀಡಿಯೋ ನೋಡಿ ಓವನ್ ಒಳಗೆ ಲೈಟ್ ಹಾಕಿ 12 ಗಂಟೆ ಬಿಟ್ಟೆ. ಏನೋ ಆಯಿತು, ಆದರೆ ಚಮಚ ಎತ್ತಿದರೆ ನೂಲು ನೂಲಾಗಿ ಮೇಲೆ ಬರುತ್ತದೆ. ಬೆಂಡೆಕಾಯಿ ಹೆಚ್ಚಿದಾಗ ಚಾಕುವಿಗೆ ಅಂಟುತ್ತಲ್ಲ, ಹಾಗೆ. ವಾಸನೆ ಕೆಟ್ಟಿರಲಿಲ್ಲ. ಆದರೂ ಚೆಲ್ಲಿಬಿಟ್ಟೆ.

ನಿನಗೆ ಜರ್ಮನ್ ಬರಲ್ಲ, ಅದಕ್ಕೇ ಹಾಲು ಮಾತು ಕೇಳ್ತಿಲ್ಲ ಅಂತಾರೆ ಮನೆಯವರು. ನನಗಂತೂ ಇಲ್ಲಿನ ಹಾಲಿಗೇ ಏನೋ ಬೆರೆಸುತ್ತಾರೆ ಅನ್ನಿಸಿದೆ. ಜನವರಿಯಲ್ಲಿ ಅಣ್ಣ ಬರುತ್ತಾನೆ, ಅಮ್ಮನ ಹತ್ತಿರ ಒಂದು ಡಬ್ಬಿ ಹೆಪ್ಪು ಕೊಟ್ಟು ಕಳಿಸೋಕೆ ಹೇಳಲಾ?

ಕಡೆಗೋಲು:

ಹಾಲನ್ನು ಬೈಬೇಡಿ ತಂಗಿ. ನಾನು ಧಾರವಾಡದವಳು, ಸ್ಟುಟ್‌ಗಾರ್ಟ್‌ನಲ್ಲಿ 14 ವರ್ಷವಾಯಿತು. ಮೊದಲ ವರ್ಷ ನಾನೂ ಹೀಗೇ ಬೈದಿದ್ದೆ. ನಂದಿನಿ ನೀಲಿ ಪ್ಯಾಕೆಟ್‌ನಲ್ಲಿ ಕೊಬ್ಬು 3%, ಇಲ್ಲಿನ ಫೋಲ್‌ಮಿಲ್ಶ್‌ನಲ್ಲಿ, ಅಂದರೆ ಪೂರ್ತಿ ಕೊಬ್ಬಿನ ಹಾಲಿನಲ್ಲಿ, 3.5%. ನೀಲಿ ಪ್ಯಾಕೆಟ್‌ನಲ್ಲಿ ಗಟ್ಟಿ ಮೊಸರು ಆಗುತ್ತಿತ್ತು ಅಂದಮೇಲೆ ಇದರಲ್ಲೂ ಆಗಬೇಕು ಅಲ್ವಾ?

ಅಣ್ಣನ ಕೈಯಲ್ಲಿ ಹೆಪ್ಪು ಮಾತ್ರ ತರಿಸಬೇಡಿ. ಭಾರತದಿಂದ ಯುರೋಪಿಯನ್ ಯೂನಿಯನ್‌ಗೆ ಬರುವವರು ಹಾಲಿನ ಪದಾರ್ಥ ತರುವ ಹಾಗಿಲ್ಲ. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ತೆಗೆದು ಬಿಸಾಡುತ್ತಾರೆ. ಅದರ ಬದಲು ಇಂಗು ತರಿಸಿ.

ಈಗ ಸರಿಯಾಗಿ ಹೇಳಿ. ಹಾಲಿನ ಡಬ್ಬದ ಮೇಲೆ ಏನು ಬರೆದಿದೆ? ಹೆಪ್ಪಿಗೆ ಯಾವ ಯೋಗರ್ಟ್ ತಗೊಂಡಿರಿ, ಅದರ ಮೇಲೆ ಏನಿದೆ? ಹಾಲು ಉಕ್ಕಿಸಿದಿರಾ, ಬರೀ ಬೆಚ್ಚಗೆ ಮಾಡಿದಿರಾ? ಓವನ್ ಒಳಗೆ ಎಷ್ಟು ಬಿಸಿ ಇತ್ತು? ಬೆಚ್ಚಗಿತ್ತು ಅಂತ ಹೇಳಬೇಡಿ, ಥರ್ಮಾಮೀಟರ್ ಇಟ್ಟು ನೋಡಿ ಹೇಳಿ.

ಹಾಸನದ ಸೊಸೆ:

ಅಯ್ಯೋ ಅಕ್ಕ, ಪರೀಕ್ಷೆ ಇಟ್ಟ ಹಾಗಾಯಿತು. ಡಬ್ಬಗಳನ್ನು ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಹಾಲು: ಫ್ರಿಶೆ ಫೋಲ್‌ಮಿಲ್ಶ್ 3.5%, ಕೆಳಗೆ ಸಣ್ಣ ಅಕ್ಷರದಲ್ಲಿ ಲೆಂಗರ್ ಹಾಲ್ಟ್‌ಬಾರ್, ಅಂದರೆ ಜಾಸ್ತಿ ದಿನ ಕೆಡದ್ದು, ಅಂತಿದೆ. ಹೆಪ್ಪು: ಯೋಗುರ್ಟ್ ಮಿಲ್ಡ್ 3.5%. ಲೀಟರಿಗೆ ಒಂದು ಚಮಚ ಹಾಕಿದ್ದೆ. ಹಾಲು ಉಕ್ಕಿಸಲಿಲ್ಲ. ಇಲ್ಲಿ ಹಾಲು ಕಾಯಿಸೋದೇ ಬೇಡ, ಹಾಗೇ ಕುಡಿಯಬಹುದು ಅಂತ ಎಲ್ಲರೂ ಹೇಳಿದ್ದರು. ಅದಕ್ಕೆ ಉಗುರು ಬೆಚ್ಚಗೆ ಮಾಡಿ ಹೆಪ್ಪು ಹಾಕಿದೆ.

ಓವನ್ ವಿಷಯ ಕೇಳಿದರೆ ನಗ್ತೀರಿ. ಲೈಟ್ ಹಾಕಿ ಎರಡು ಗಂಟೆ ಬಿಟ್ಟು ಮಗುವಿನ ಸ್ನಾನದ ನೀರಿನ ಥರ್ಮಾಮೀಟರ್ ಒಳಗಿಟ್ಟೆ. 22 ಡಿಗ್ರಿ. ಅಡುಗೆಮನೆಯಲ್ಲಿ 20.

ಕಡೆಗೋಲು:

22! ಹೊಸ ಓವನ್ ಇರಬೇಕು. ಅದರಲ್ಲಿರೋದು ಎಲ್‌ಇಡಿ ದೀಪ, ಬೆಳಕು ಕೊಡುತ್ತೆ, ಶಾಖ ಕೊಡಲ್ಲ. ವೀಡಿಯೋದವರ ಓವನ್‌ನಲ್ಲಿ ಹಳೇ ಬಲ್ಬ್ ಇತ್ತು, ಅದು ರಾತ್ರಿಯಿಡೀ ಉರಿದರೆ ಒಳಗೆ ಹದವಾಗಿ ಬೆಚ್ಚಗಾಗುತ್ತಿತ್ತು. ಹೀಟರ್ ಮೇಲೆ ಇಟ್ಟಿದ್ದೂ ಶಾಖ ಸಾಲದೇ ಅರೆಬರೆ ಆಗಿದ್ದು. ಇಲ್ಲಿ ಸುಮಾರು ಕಟ್ಟಡಗಳಲ್ಲಿ ರಾತ್ರಿ ಹೀಟಿಂಗ್ ತಗ್ಗಿಸಿಬಿಡುತ್ತಾರೆ. ನೀವು ಮಲಗಿದ ಮೇಲೆ ಹೀಟರೂ ಮಲಗಿದೆ.

ಲ್ಯಾಬ್ ಕೋಟು:

ಹೆಬ್ಬಾಳದ ಡೇರಿ ಸೈನ್ಸ್ ಕಾಲೇಜಿನಲ್ಲಿ ಓದಿದವನು ನಾನು, ಈ ಚರ್ಚೆ ನೋಡಿ ಸುಮ್ನೆ ಇರೋಕಾಗಲಿಲ್ಲ. ಸ್ವಲ್ಪ ಉದ್ದವಾಗುತ್ತೆ, ಬೇಜಾರು ಮಾಡ್ಕೋಬೇಡಿ.

ಅಂಗಡಿಯ ಯೋಗರ್ಟ್ ಹೆಪ್ಪು ಮತ್ತು ನಿಮ್ಮ ಅಮ್ಮನ ಮನೆಯ ಹೆಪ್ಪು ಒಂದೇ ಅಲ್ಲ. ನೋಡೋಕೆ ಎರಡೂ ಬಿಳಿ, ಅಷ್ಟೇ. ಯೋಗರ್ಟ್‌ನಲ್ಲಿ ಇರುವುದು ಮುಖ್ಯವಾಗಿ ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್ ಮತ್ತು ಲ್ಯಾಕ್ಟೊಬ್ಯಾಸಿಲಸ್ ಬಲ್ಗಾರಿಕಸ್ ಅನ್ನುವ ಎರಡು ಬ್ಯಾಕ್ಟೀರಿಯಾ. ಎರಡನೆಯದನ್ನು 1905ರಲ್ಲಿ ಬಲ್ಗೇರಿಯಾದ ಸ್ಟಾಮೆನ್ ಗ್ರಿಗೊರೊವ್ ಪತ್ತೆ ಮಾಡಿದ, ಹೆಸರಿನಲ್ಲೇ ಊರಿದೆ. ಇವು ಸೆಕೆಯ ಜೀವಿಗಳು, 40ರಿಂದ 45 ಡಿಗ್ರಿ ಇದ್ದರೆ ಚುರುಕು. 20 ಡಿಗ್ರಿಯಲ್ಲಿ ಹೊದ್ದುಕೊಂಡು ಮಲಗುತ್ತವೆ. ನಮ್ಮ ಮನೆ ಮೊಸರಿನಲ್ಲಿ ಸಾಮಾನ್ಯವಾಗಿ ಲ್ಯಾಕ್ಟೊಕಾಕಸ್ ಮುಂತಾದವೂ ಸೇರಿಕೊಂಡಿರುತ್ತವೆ. ಅವಕ್ಕೆ 20ರಿಂದ 30 ಡಿಗ್ರಿ ಸಾಕು. ಹಾಸನದ ಅಡುಗೆ ಕಟ್ಟೆಯ ಮೇಲೆ ಮೊಸರು ತಾನಾಗಿ ಆಗುತ್ತಿದ್ದುದು ಅದಕ್ಕೇ. ನೀವು ಇಲ್ಲಿ ಮಾಡಿದ್ದು ಸೆಕೆಯ ಹೆಪ್ಪನ್ನು ಚಳಿಯಲ್ಲಿ ಕೂರಿಸಿದ್ದು.

ಇನ್ನು ಮಿಲ್ಡ್ ಅನ್ನುವ ಮಾತು. ಜರ್ಮನಿಯಲ್ಲಿ ಬರೀ ಯೋಗುರ್ಟ್ ಅಂತ ಬರೆಯಬೇಕಾದರೆ ಮೇಲಿನ ಎರಡೂ ಇರಬೇಕು. ಬಲ್ಗಾರಿಕಸ್ ಬದಲು ಬೇರೆ ಲ್ಯಾಕ್ಟೊಬ್ಯಾಸಿಲಸ್ ಹಾಕಿದ್ದರೆ ಯೋಗುರ್ಟ್ ಮಿಲ್ಡ್. ಹುಳಿ ಕಡಿಮೆ ಬರಲಿ ಅಂತಲೇ ಹಾಗೆ ಮಾಡುವುದು. ನಿಮಗೆ ಸಪ್ಪೆ ಅನ್ನಿಸಿದ್ದು ನಾಲಿಗೆಯ ತಪ್ಪಲ್ಲ.

ನೂಲು ಯಾಕೆ ಬಂತು? ಕೆಲವು ತಳಿಯ ಬ್ಯಾಕ್ಟೀರಿಯಾ ಸಕ್ಕರೆಯ ಉದ್ದುದ್ದ ಸರಪಳಿ ತಯಾರಿಸಿ ಹೊರಗೆ ಬಿಡುತ್ತವೆ. ಯೋಗರ್ಟ್ ದಪ್ಪಗೆ, ನುಣ್ಣಗೆ ಬರಲಿ ಅಂತ ಕಂಪನಿಯವರು ಎಷ್ಟೋ ಸಲ ಇಂಥ ತಳಿಯನ್ನೇ ಆರಿಸುತ್ತಾರೆ. ಇವನ್ನು ಕಡಿಮೆ ಬಿಸಿಯಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ಆ ಲೋಳೆ ಎದ್ದು ಕಾಣುತ್ತದೆ. ವಾಸನೆ ಸರಿ ಇದ್ದು, ಮೇಲೆ ಬಣ್ಣ ಬಣ್ಣದ ಕಲೆ ಅಥವಾ ಬೂಷ್ಟು ಇಲ್ಲದಿದ್ದರೆ ಅದು ಕೆಟ್ಟ ಮೊಸರಲ್ಲ. ಚೆಲ್ಲುವ ಬದಲು ಕಡೆದು ಮಜ್ಜಿಗೆ ಮಾಡಬಹುದಿತ್ತು.

ಹಾಲನ್ನು ಕಾಯಿಸದೆ ಇದ್ದದ್ದು ಇನ್ನೊಂದು ತಪ್ಪು. ಕುಡಿಯೋಕೆ ಕಾಯಿಸಬೇಕಾಗಿಲ್ಲ, ನಿಜ. ಮೊಸರಿಗೆ ಕಾಯಿಸುವುದು ಕ್ರಿಮಿ ಕೊಲ್ಲೋಕೆ ಮಾತ್ರ ಅಲ್ಲ. 85 ಡಿಗ್ರಿಯಲ್ಲಿ 20, 30 ನಿಮಿಷ ಇಟ್ಟರೆ ಹಾಲಿನ ನೀರಿನಲ್ಲಿರುವ ಪ್ರೋಟೀನ್ ಬಿಚ್ಚಿಕೊಂಡು ಹಾಲಿನ ಮುಖ್ಯ ಪ್ರೋಟೀನ್ ಆದ ಕೇಸಿನ್‌ಗೆ ಅಂಟಿಕೊಳ್ಳುತ್ತದೆ. ಆಮೇಲೆ ಕಟ್ಟುವ ಬಲೆ ಗಟ್ಟಿಯಾಗಿರುತ್ತದೆ, ನೀರು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಅಜ್ಜಿಯರು ಹಾಲು ಉಕ್ಕಿಸಿ, ಸಣ್ಣ ಉರಿಯಲ್ಲಿ ಬಿಡುತ್ತಿದ್ದುದರಲ್ಲಿ ಇದೂ ಸೇರಿತ್ತು.

ಒಲೆಗರತಿ:

ಹೆಪ್ಪೇ ಬೇಡ ಸರ್. ಹಸಿಮೆಣಸಿನಕಾಯಿ ತೊಟ್ಟು ನಾಲ್ಕು ಹಾಕಿ, ಮೊಸರಾಗುತ್ತೆ. ನಮ್ಮ ಅತ್ತೆ ಮಾಡ್ತಿದ್ರು.

ಲ್ಯಾಬ್ ಕೋಟು:

ಆಗುತ್ತೆ ಅಮ್ಮ. ತೊಟ್ಟಿನ ಮೇಲೆ ಹಾಲು ಹುಳಿ ಮಾಡುವ ಬ್ಯಾಕ್ಟೀರಿಯಾ ಇರುತ್ತವೆ. ಆದರೆ ಯಾವುದಿದೆ, ಎಷ್ಟಿದೆ ಅಂತ ಹೇಳೋಕಾಗಲ್ಲ. ಮೊದಲ ಸಲದ್ದು ಸಾಮಾನ್ಯವಾಗಿ ತೆಳ್ಳಗೆ ಬರುತ್ತೆ, ಅದನ್ನೇ ಹೆಪ್ಪು ಮಾಡಿ ಎರಡು ಮೂರು ಸಲ ಹಾಕಿದರೆ ದಾರಿಗೆ ಬರಬಹುದು. ಪಕ್ಕದ ಅಂಗಡಿಯಲ್ಲಿ ಹೆಪ್ಪು ಸಿಗುವಾಗ ನಾನಂತೂ ಆ ಸಾಹಸ ಮಾಡಲ್ಲ.

ತಾಂಪೆರೆ ಗುರು:

ನೂಲು ಬಂತು ಅಂತ ಚೆಲ್ಲಿದಿರಾ? ಫಿನ್ಲೆಂಡ್‌ಗೆ ಬನ್ನಿ, ಇಲ್ಲಿ ಅದಕ್ಕೆ ದುಡ್ಡು ಕೊಟ್ಟು ತಿನ್ನುತ್ತಾರೆ. ಹೆಸರು ವೀಲಿ. ಚಮಚ ಎತ್ತಿದರೆ ಗಲ್ಲದವರೆಗೂ ನೂಲು, ಮೇಲೆ ವೆಲ್ವೆಟ್ ಥರ ಬಿಳಿ ಬೂಷ್ಟಿನ ಪದರ. ಅದೂ ಬೇಕಂತಲೇ ಬೆಳೆಸಿದ ಬೂಷ್ಟು. ರೂಮಿನ ಬಿಸಿಯಲ್ಲೇ ಹೆಪ್ಪಾಗುತ್ತೆ. ಮೊದಲ ಸಲ ನಾನು ಅಂಗಡಿಗೆ ವಾಪಸ್ ಕೊಡೋಕೆ ಹೋಗಿದ್ದೆ.

ನಾನೀಗ ನೂಲಿಲ್ಲದ, ಅದೇ ಜಾತಿಯ ಹುಳಿ ಹಾಲು ಪೀಮಾ ತಂದು ಹೆಪ್ಪು ಹಾಕುತ್ತೇನೆ. ಜರ್ಮನಿಯಲ್ಲಿ ಅಂಥದ್ದೇನೂ ಇಲ್ಲವಾ?

ಕಡೆಗೋಲು:

ಇದೆ! ಡಿಕ್‌ಮಿಲ್ಶ್. ಯೋಗರ್ಟ್ ಕಪಾಟಿನಲ್ಲೇ ಮೂಲೆಯಲ್ಲಿ ಇರುತ್ತದೆ, ನಮ್ಮವರು ಯಾರೂ ಅತ್ತ ನೋಡಲ್ಲ. ಲ್ಯಾಬ್ ಕೋಟು ಸರ್, ಅದು ನೀವು ಹೇಳಿದ ತಣ್ಣನೆ ಜಾತಿಯ ಹೆಪ್ಪೇ ಅಲ್ವಾ?

ಲ್ಯಾಬ್ ಕೋಟು:

ಹೌದು, ಅದೇ ಜಾತಿ. 22ರಿಂದ 25 ಡಿಗ್ರಿಯಲ್ಲಿ 16ರಿಂದ 24 ಗಂಟೆ ಕೊಡಿ. ಯಾವ ಡಬ್ಬ ತಗೊಂಡರೂ ವೆರ್ಮೆಬೆಹಾಂಡೆಲ್ಟ್ ಅಂತ ಬರೆದಿದ್ದರೆ ಬಿಟ್ಟುಬಿಡಿ. ಹೆಪ್ಪಾದ ಮೇಲೆ ಮತ್ತೆ ಬಿಸಿ ಮಾಡಿರುತ್ತಾರೆ, ಜೀವ ಇರಲ್ಲ.

ಹಾಸನದ ಸೊಸೆ:

ಈ ವಾರ ಎರಡೂ ಮಾಡಿ ನೋಡಿದೆ. ವಿವರವಾಗಿ ಬರೆಯುತ್ತೇನೆ, ನನ್ನ ಹಾಗೆ ಇನ್ಯಾರೋ ಹುಡುಕಿಕೊಂಡು ಬರಬಹುದು.

ಮಿಲ್ಡ್ ಅಲ್ಲದ ಯೋಗುರ್ಟ್ ಹುಡುಕೋಕೆ ಮೂರು ಅಂಗಡಿ ಸುತ್ತಿದೆ. ಕೊನೆಗೆ ಟರ್ಕಿಯವರ ಅಂಗಡಿಯಲ್ಲಿ ಸಿಕ್ಕಿತು, ಒಂದು ಕೆಜಿ ಬಕೆಟ್. ಹಾಲು ಈ ಸಲ ಟ್ರಡಿಟ್ಸಿಯೋನೆಲ್ ಹೆರ್ಗೆಷ್ಟೆಲ್ಟ್, ಅಂದರೆ ಹಳೇ ಕ್ರಮದಲ್ಲಿ ಮಾಡಿದ್ದು, ಅಂತ ಬರೆದದ್ದು ತಂದೆ. ಕಾಯಿಸಿ, ಸಣ್ಣ ಉರಿಯಲ್ಲಿ 20 ನಿಮಿಷ ಕೈಯಾಡಿಸುತ್ತಾ ನಿಂತೆ. ಆರಿಸಲು ಕಿಟಕಿಯ ಹೊರಗೆ ಇಟ್ಟೆ. ಇಲ್ಲಿನ ಚಳಿಗೆ ಇದೊಂದು ಉಪಯೋಗ. 44 ಡಿಗ್ರಿಗೆ ಬಂದಾಗ ಎರಡು ದೊಡ್ಡ ಚಮಚ ಯೋಗರ್ಟ್ ಸ್ವಲ್ಪ ಹಾಲಲ್ಲಿ ಕದಡಿ ಹಾಕಿದೆ. ಅಗಲ ಬಾಯಿಯ ಫ್ಲಾಸ್ಕ್‌ಗೆ ಮೊದಲು ಬಿಸಿನೀರು ತುಂಬಿ ಚೆಲ್ಲಿ, ಆಮೇಲೆ ಹಾಲು ಸುರಿದು ಮುಚ್ಚಿದೆ. ಐದೂವರೆ ಗಂಟೆ ಬಿಟ್ಟು ತೆಗೆದರೆ ಗಟ್ಟಿ! ಒಂದೆಳೆ ನೂಲಿಲ್ಲ. ಹುಳಿಯೂ ಇದೆ. ಮಜ್ಜಿಗೆಹುಳಿಗೆ ಇದೇ ಸರಿ.

ಡಿಕ್‌ಮಿಲ್ಶ್‌ನದ್ದು ಬೇರೆ ಕಥೆ. ಅದೇ ಹಾಲು ಪೂರ್ತಿ ಆರಿಸಿ, ಒಂದೂವರೆ ಚಮಚ ಹಾಕಿ, ಆ ಕೆಲಸಕ್ಕೆ ಬಾರದ ಓವನ್ ಒಳಗೆ ಲೈಟ್ ಹಾಕಿ ಇಟ್ಟೆ. 22 ಡಿಗ್ರಿ ಇದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಬೆಳಿಗ್ಗೆ ನೋಡಿದಾಗ ಇನ್ನೂ ಹಾಲು. ಆಯಿತು, ಇದೂ ಹೋಯಿತು ಅಂದುಕೊಂಡೆ. ಸಂಜೆ ಆರಕ್ಕೆ, ಅಂದರೆ 20 ಗಂಟೆ ಆದ ಮೇಲೆ, ಹೆಪ್ಪು ಕೂತಿತ್ತು. ಗಟ್ಟಿ ಸ್ವಲ್ಪ ಕಡಿಮೆ. ಮುಚ್ಚಳ ತೆಗೆದಾಗ ಒಂದು ಘಮ ಬಂತು, ಬೆಣ್ಣೆ ಕಾಯಿಸುವ ಮುಂಚಿನ ಘಮ. ಊರಿನ ಮೊಸರಿನದ್ದು. ಮನೆಯವರು ಮಾತಾಡದೆ ಎರಡನೇ ಸಲ ಅನ್ನ ಹಾಕಿಸಿಕೊಂಡರು.

ಇನ್ನೊಂದು ಸಂಶಯ. ಮೇಲೆ ಕೆನೆ ಬರಲೇ ಇಲ್ಲ, ಯಾಕೆ?

ಲ್ಯಾಬ್ ಕೋಟು:

ಹೋಮೊಜಿನೈಸ್ ಮಾಡಿದ ಹಾಲಿನಲ್ಲಿ ಕೊಬ್ಬಿನ ಹನಿಗಳನ್ನು ಒಡೆದು ಪುಡಿ ಮಾಡಿರುತ್ತಾರೆ, ಅವು ಮೇಲೆ ಬರಲ್ಲ. ಬಯೋ (ಸಾವಯವ) ಅಂಗಡಿಯಲ್ಲಿ ನಿಶ್ಟ್ ಹೊಮೊಗೆನಿಸಿಯೆರ್ಟ್, ಅಂದರೆ ಹೋಮೊಜಿನೈಸ್ ಮಾಡದ್ದು, ಅಂತ ಬರೆದ ಹಾಲು ನೋಡಿ, ಬೆಲೆ ಜಾಸ್ತಿ. ಲೆಂಗರ್ ಹಾಲ್ಟ್‌ಬಾರ್ ಹಾಲಿನಲ್ಲೂ ಮೊಸರಾಗುತ್ತೆ, ಸುಮ್ನೆ ಅದನ್ನು ದೂರ ಇಡಬೇಕಿಲ್ಲ. ತಿಂಗಳುಗಟ್ಟಲೆ ಹೊರಗೇ ಇಡುವ ಹಾ-ಮಿಲ್ಶ್‌ನಲ್ಲಿ ಮಾತ್ರ ಸ್ವಲ್ಪ ಮೆತ್ತಗೆ ಬರುತ್ತೆ.

ಹೆಪ್ಪನ್ನು ನಾಲ್ಕೈದು ಸಲಕ್ಕೊಮ್ಮೆ ಬದಲಾಯಿಸಿ. ತಿನ್ನುವ ಮುಂಚೆಯೇ ಎರಡು ಚಮಚ ಶುಭ್ರವಾದ ಬಟ್ಟಲಿಗೆ ತೆಗೆದು ಫ್ರಿಜ್‌ನಲ್ಲಿಡಿ. ಊರಿಗೆ ಹೋಗುವಾಗ ಐಸ್ ಟ್ರೇಗೆ ಹಾಕಿ ಫ್ರೀಜರ್‌ನಲ್ಲಿ ಇಟ್ಟರೆ ವಾಪಸ್ ಬಂದ ಮೇಲೂ ಕೆಲಸಕ್ಕೆ ಬರುತ್ತೆ, ಒಂದೆರಡು ಗಂಟೆ ನಿಧಾನ ಅಷ್ಟೇ.

ಕಡೆಗೋಲು:

ಡಿಕ್‌ಮಿಲ್ಶ್ ಹೆಪ್ಪು ತೆಗೆದಿಟ್ಟಿದ್ದೀರಿ ತಾನೇ ತಂಗಿ?

ಹಾಸನದ ಸೊಸೆ:

ಅಕ್ಕ, ಈಗ ಓಡಿಹೋಗಿ ನೋಡಿದೆ. ಪಾತ್ರೆ ತೊಳೆದು ಬೋರಲು ಹಾಕಿದ್ದಾರೆ. ನಾಳೆ ಭಾನುವಾರ ಬೇರೆ, ಅಂಗಡಿ ಇಲ್ಲ.