ಸೇಲ್ಸ್‌ನವರು ತಾವೇ ಕ್ಲೌಡ್ ತಗೊಂಡ್ರೆ ಐಟಿಯವರ ಕೆಲಸ ಏನು?

ಪ್ರಶ್ನೆ (ಭೋಸರಿ, ಪುಣೆ):
ನಮಸ್ಕಾರ್ರಿ ಸರ್. ನಮ್ಮದು ಗಾಡಿ ಬಿಡಿಭಾಗ ಮಾಡೋ ಕಂಪನಿ, ಐಟಿಯಲ್ಲಿ ನಾವು ಮೂರೇ ಜನ. ಆರು ತಿಂಗಳ ಹಿಂದೆ ಸೇಲ್ಸ್‌ನವರು ಡೀಲರ್ ಆರ್ಡರ್ ಆ್ಯಪ್‌ಗೆ ಸರ್ವರ್ ಕೇಳಿದ್ರು. ಕೊಟೇಶನ್, ಪಿಒ (ಖರೀದಿ ಆದೇಶ), ಡೆಲಿವರಿ ಸೇರಿ ಎರಡು ತಿಂಗಳು ಬೇಕು ಅಂದೆ. ಅವರ ಮ್ಯಾನೇಜರ್ ತಮ್ಮ ಕಾರ್ಡ್ ಹಾಕಿ ಒಂದು ಕ್ಲೌಡ್ ಖಾತೆ (ಇಂಟರ್ನೆಟ್ ಮೂಲಕ ಸರ್ವರ್ ಬಾಡಿಗೆಗೆ ತಗೊಳ್ಳೋದು) ತೆರೆದ್ರು, ಅದೇ ವಾರ ಆ್ಯಪ್ ಶುರು ಆಯ್ತು. ಈಗ ಬಿಲ್ ಮೂರು ಪಟ್ಟಾಗಿದೆ, ಅಕೌಂಟ್ಸ್‌ನವರು ಲೆಕ್ಕ ಕೇಳ್ತಿರೋದು ನನ್ನನ್ನ. ಪಾಸ್‌ವರ್ಡೂ ನನ್ನ ಹತ್ರ ಇಲ್ಲ. ಎಲ್ಲಾ ಬಂದ್ ಮಾಡಿಸಿ ನಮ್ಮ ಸರ್ವರ್ ರೂಮಿಗೇ ತರಲಾ?

ಉತ್ತರ (ಕ್ಲೌಡ್ ಆರ್ಕಿಟೆಕ್ಟ್, ಹಿಂಜವಡಿ):
ಬ್ಯಾಡ್ರಿ. ಡೀಲರ್‌ಗಳು ದಿನಾ ಬಳಸ್ತಿರೋ ಆ್ಯಪ್ ನಿಲ್ಲಿಸಿದ್ರೆ ಸೇಲ್ಸ್‌ನವರು ಇನ್ನೊಮ್ಮೆ ನಿಮ್ಮ ಬಾಗಿಲಿಗೆ ಬರಲ್ಲ.

ಸರ್ವರ್ ರೂಮಿನ ಬೀಗದ ಕೈ ನಮ್ಮ ಹತ್ರ ಇದ್ದಾಗ ಎಲ್ಲರೂ ನಮ್ಮನ್ನ ಕೇಳಲೇಬೇಕಿತ್ತು. 2006ರಲ್ಲಿ ಅಮೆಜಾನ್ ಗಂಟೆ ಲೆಕ್ಕದಲ್ಲಿ ಸರ್ವರ್ ಬಾಡಿಗೆ ಕೊಡೋಕೆ ಶುರು ಮಾಡಿದಾಗಿಂದ ಆ ಬೀಗ ಸಡಿಲಾಯ್ತು. ಡೇಟಾ ದೇಶದ ಆಚೆ ಹೋಗುತ್ತೆ ಅನ್ನೋ ಕಾರಣವೂ ಉಳೀಲಿಲ್ಲ: ಮೈಕ್ರೋಸಾಫ್ಟ್ 2015ರಲ್ಲಿ ನಮ್ಮ ಪುಣೆಯಲ್ಲೇ, ಅಮೆಜಾನ್ 2016ರಲ್ಲಿ ಮುಂಬೈಯಲ್ಲಿ ಡೇಟಾ ಸೆಂಟರ್ ತೆರೆದವು. ಎರಡು ತಿಂಗಳು ಕಾಯಿಸೋ ಅಧಿಕಾರ ನಮಗೆ ಇನ್ನಿಲ್ಲ. ನನ್ನ ಪ್ರಕಾರ ಅದು ಹೋಗಿದ್ದು ಒಳ್ಳೆಯದೇ.

ಆದ್ರೆ ಸೇಲ್ಸ್‌ನವರಿಗೆ ಗೊತ್ತಿಲ್ಲದ್ದೂ ಇದೆ. ಆ್ಯಪ್ ಟೆಸ್ಟ್ ಮಾಡೋಕೆ ಬಾಡಿಗೆಗೆ ತಗೊಂಡ ಮಷಿನ್ (ಕ್ಲೌಡ್ ಸರ್ವರ್) ಬೇಕಾಗೋದು ವಾರಕ್ಕೆ 6 ದಿನ, ದಿನಕ್ಕೆ 10 ಗಂಟೆ, ಅಂದ್ರೆ 60 ಗಂಟೆ. ಯಾರೂ ಆಫ್ ಮಾಡದಿದ್ರೆ ದುಡ್ಡು ಕಟ್ಟೋದು ವಾರದ ಪೂರ್ತಿ 168 ಗಂಟೆಗೆ. ಮಷಿನ್ ಆಫ್ ಮಾಡಿದ್ರೂ ಅದಕ್ಕೆ ಅಂಟಿರೋ ಡಿಸ್ಕಿನ ಬಾಡಿಗೆ ಓಡ್ತಾನೇ ಇರುತ್ತೆ. ಹಳೇ ಬ್ಯಾಕಪ್, ಹೊರಗೆ ಹೋಗೋ ಡೇಟಾ, ಇವಕ್ಕೂ ದುಡ್ಡು. ಮೂರು ಪಟ್ಟಾದ ಬಿಲ್ಲಿನಲ್ಲಿ ಮೊದಲು ಇವನ್ನೇ ಹುಡುಕಿ. ಬಜೆಟ್ ಅಲರ್ಟ್ (ಖರ್ಚು ಮಿತಿ ದಾಟಿದ್ರೆ ಎಚ್ಚರಿಸೋದು) ಹಾಕಿಸಿ, ಆದ್ರೆ ಅದು ಮೇಲ್ ಕಳಿಸುತ್ತೆ ಅಷ್ಟೇ, ತಾನಾಗಿ ಖರ್ಚು ನಿಲ್ಲಿಸಲ್ಲ.

ಇನ್ನು ಬಿಲ್ ಯಾರದು? ಸೇಲ್ಸ್‌ನದೇ. ಪ್ರತಿ ಮಷಿನ್‌ಗೂ ಇಲಾಖೆ ಹೆಸರಿನ ಟ್ಯಾಗ್ ಹಾಕಿ, ತಿಂಗಳ ಖರ್ಚು ಅವರ ಬಜೆಟ್ಟಿಗೇ ಹೋಗಲಿ. ಬೇಡದ ಮಷಿನ್ ಆಫ್ ಮಾಡಿಸೋಕೆ ಆಗ ಅವರೇ ಓಡಿ ಬರ್ತಾರೆ. ಒಂದು ಅಥವಾ ಮೂರು ವರ್ಷ ಬಳಸ್ತೀವಿ ಅಂತ ಮುಂಚೆ ಒಪ್ಪಿಕೊಂಡ್ರೆ ದರ ಇಳಿಯುತ್ತೆ. ಈ ಆ್ಯಪ್ ಮುಂದಿನ ವರ್ಷವೂ ಇರುತ್ತಾ ಅನ್ನೋದು ನಿಮಗೆ ಗೊತ್ತಿರಲ್ಲ, ಅವರಿಗೆ ಗೊತ್ತು. ಯಾವ ಮಷಿನ್‌ಗೆ ಆ ಒಪ್ಪಂದ ಮಾಡಬೇಕು ಅನ್ನೋದು ಅವರಿಗೆ ಗೊತ್ತಿರಲ್ಲ, ನಿಮಗೆ ಗೊತ್ತು. ಇಬ್ಬರೂ ಒಂದೇ ಟೇಬಲ್ಲಿಗೆ ಕೂತು ಮಾತಾಡಬೇಕಾದ ಜಾಗ ಇದು.

ಸುರಕ್ಷತೆ ಮಾತ್ರ ನಿಮ್ಮ ಕೈಯಲ್ಲೇ ಇರಲಿ. ಕಟ್ಟಡ, ಕರೆಂಟು, ಯಂತ್ರ ಕ್ಲೌಡ್ ಕಂಪನಿಯ ಜವಾಬ್ದಾರಿ. ಡೇಟಾ ಯಾರಿಗೆ ಕಾಣಬೇಕು ಅನ್ನೋದು ಗ್ರಾಹಕರದು.

ಇನ್ನೊಬ್ಬ ಸದಸ್ಯರು (ಠಾಣೆ):
ನಾನು ಬ್ಯಾಂಕಿನ ಐಟಿಯಲ್ಲಿದೀನಿ. ಹೊರಗುತ್ತಿಗೆ ಬಗ್ಗೆ ಆರ್‌ಬಿಐ 2023ರಲ್ಲಿ ತಂದ ನಿರ್ದೇಶನವೂ ಇದನ್ನೇ ಹೇಳುತ್ತೆ. ಕೆಲಸ ಹೊರಗೆ ಕೊಟ್ರೂ ಹೊಣೆ ಬ್ಯಾಂಕಿನದೇ.

ಪ್ರಶ್ನೆ ಕೇಳಿದವರು:
ಸರ್, ಆ ಮ್ಯಾನೇಜರ್ ಐಟಿ ಅಂದ್ರೇನೇ ಸಿಟ್ಟಾಗ್ತಾರೆ. ಮಾತು ಹೆಂಗ್ ಶುರು ಮಾಡ್ಲಿ?

ಉತ್ತರ (ಕ್ಲೌಡ್ ಆರ್ಕಿಟೆಕ್ಟ್):
ಬಿಲ್ ಹಿಡ್ಕೊಂಡು ಹೋಗಬೇಡ್ರಿ. ಎರಡು ತಿಂಗಳು ಅಂದಿದ್ದು ನಮ್ಮ ತಪ್ಪು, ಮುಂದಿನ ಸಲ ಎರಡು ದಿನದಲ್ಲಿ ಕೊಡ್ತೀವಿ ಅಂತ ಮೊದಲು ಹೇಳ್ರಿ, ಆಮೇಲೆ ಕೊಟ್ಟು ತೋರಿಸ್ರಿ. ಅವರ ಖಾತೆಯನ್ನ ಕಂಪನಿಯ ಮುಖ್ಯ ಖಾತೆಯ ಕೆಳಗೆ ಸೇರಿಸಿಕೊಂಡ್ರೆ ಸರ್ವರ್ ಕದಲಿಸೋದೂ ಬೇಕಾಗಲ್ಲ, ಆ್ಯಪ್ ನಿಲ್ಲೋದೂ ಇಲ್ಲ. ಒಂದನ್ನ ಮಾತ್ರ ಮುಂದೂಡಬೇಡ್ರಿ: ಆ ಖಾತೆಯ ಮೂಲ ಇಮೇಲ್ ಅವರ ಸ್ವಂತದ್ದಾಗಿದ್ರೆ ಇದೇ ವಾರ ಕಂಪನಿ ಇಮೇಲಿಗೆ ಬದಲಿಸಿ, ಎರಡು ಹಂತದ ಲಾಗಿನ್ ಹಾಕಿಸಿ. ಅವರು ಕೆಲಸ ಬಿಟ್ಟು ಹೋದ ಮೇಲೆ ಅದನ್ನ ವಾಪಸ್ ಪಡೆಯೋದು ತುಂಬಾ ಕಷ್ಟ.